ಬೆಲೆ ಹೇಳಿದ ಮೇಲಿನ ಮೌನ

ಮೂರು ಬಾಗಿಲಿನ ಕಪಾಟಿಗೆ ಲೆಕ್ಕ ಹಾಕಿ ಬೆಲೆ ಹೇಳಿದೆ. ಗಿರಾಕಿ ಸುಮ್ಮನಿದ್ದರು. ಕೈಯಲ್ಲಿದ್ದ ನಕ್ಷೆಯನ್ನು ಒಮ್ಮೆ ಆಚೆ ಈಚೆ ತಿರುಗಿಸಿ ನೋಡಿದರು. ಎರಡೋ ಮೂರೋ ಕ್ಷಣ ಕಳೆದಿರಬೇಕು. ಅಷ್ಟರಲ್ಲಿ ನನ್ನ ಬಾಯಿಂದ ಬಂದೇಬಿಟ್ಟಿತು: "ನಿಮಗೆ ಅಂತ ಹತ್ತು ಪರ್ಸೆಂಟ್ ಕಡಿಮೆ ಮಾಡಿಕೊಡ್ತೀನಿ."

ಅವರು ತಲೆಯೆತ್ತಿ, "ಅಯ್ಯೋ, ಕಡಿಮೆ ಮಾಡಿ ಅಂತ ನಾನು ಕೇಳಲೇ ಇಲ್ಲವಲ್ಲ. ಎಡಗಡೆ ಬಾಗಿಲು ಗೋಡೆಗೆ ತಾಗುತ್ತೇನೋ ಅಂತ ನೋಡ್ತಿದ್ದೆ" ಅಂದರು.

ಅವರು ಹೋದ ಮೇಲೆ ತುಂಬ ಹೊತ್ತು ಅಲ್ಲೇ ಕೂತಿದ್ದೆ. ಯಾರೂ ಕೇಳದ ರಿಯಾಯಿತಿಯನ್ನು ನಾನಾಗಿಯೇ ಕೊಟ್ಟಿದ್ದೆ. ಅದು ಮೊದಲ ಸಲವೂ ಆಗಿರಲಿಲ್ಲ. ಎಂಟು ವರ್ಷಗಳಿಂದ ಹೀಗೇ ಮಾಡುತ್ತಾ ಬಂದಿದ್ದೆ, ಆ ದಿನ ಮಾತ್ರ ಒಬ್ಬರು ಅದನ್ನು ಬಾಯಿಬಿಟ್ಟು ಹೇಳಿದರು.

ನಾನೂ ಅಣ್ಣನೂ ಸೇರಿ ನಡೆಸುವುದು ಮರಗೆಲಸದ ಒಂದು ಸಣ್ಣ ಉದ್ಯಮ. ಆರು ಜನ ಕೆಲಸಗಾರರಿದ್ದಾರೆ. ಗಿರಾಕಿಗಳ ಜೊತೆ ಮಾತು, ನಕ್ಷೆ, ಬಿಲ್ಲು ನನ್ನ ಪಾಲಿನದು. ಮರ, ಸಾಮಾನು, ಯಂತ್ರ ಅಣ್ಣನ ಪಾಲಿನದು. ಕೆಲಸಕ್ಕೆ ಯಾವತ್ತೂ ಬರ ಬಂದಿರಲಿಲ್ಲ, ಆರ್ಡರ್ ಪುಸ್ತಕ ಎರಡು ತಿಂಗಳ ಮುಂದಕ್ಕೇ ತುಂಬಿರುತ್ತಿತ್ತು. ಹಾಗಿದ್ದೂ ತಿಂಗಳ ಕೊನೆ ಬಂದರೆ ಸಂಬಳಕ್ಕೆ ಎಲ್ಲಿಂದ ಹೊಂದಿಸುವುದು ಅನ್ನುವ ಚಿಂತೆ. ಒಂದು ತಿಂಗಳು ಸಂಬಳ ಹನ್ನೊಂದು ದಿನ ತಡವಾಯಿತು. ನಮ್ಮಲ್ಲಿ ಎಲ್ಲರಿಗಿಂತ ಹಿರಿಯ ಕೆಲಸಗಾರರು, ನಾನು ಉಳಿ ಹಿಡಿಯುವುದನ್ನು ಕಲಿತದ್ದೇ ಅವರಿಂದ, ಸಂಜೆ ಕೈ ತೊಳೆದುಕೊಂಡು ಬಂದು ನಿಂತರು. "ಅಮ್ಮಾ, ದಿನಾ ಕತ್ತಲಾಗೋವರೆಗೂ ಕೆಲಸ ಮಾಡ್ತೀವಿ. ಮಾಡಿದ್ದೆಲ್ಲ ಹೊರಗೆ ಹೋಗ್ತಾ ಇದೆ. ಹಾಗಾದರೆ ದುಡ್ಡು ಎಲ್ಲಿ ನಿಲ್ತಾ ಇದೆ?" ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ನನಗೂ ಅರ್ಥವಾಗಿರಲಿಲ್ಲ.

ಆ ವಾರವೇ ಒಬ್ಬ ಲೆಕ್ಕಪರಿಶೋಧಕಿಯ ಹತ್ತಿರ ಹೋದೆವು. ತೆರಿಗೆ, ಜಮಾ-ಖರ್ಚು, ಬಾಕಿ, ಇಂಥದ್ದನ್ನೆಲ್ಲ ಕೇಳುತ್ತಾರೆ ಅಂದುಕೊಂಡಿದ್ದೆ. ಅವರು ಮೊದಲು ಕೇಳಿದ್ದು, "ನೀವು ಚಿಕ್ಕವರಿದ್ದಾಗ ಮನೆಯಲ್ಲಿ ದುಡ್ಡಿನ ಬಗ್ಗೆ ಯಾರು ಮಾತಾಡ್ತಿದ್ದರು? ಏನಂತ ಮಾತಾಡ್ತಿದ್ದರು?" ಎಂದು. ನನಗೆ ಕೋಪವೇ ಬಂತು. ಸಂಬಳ ಕೊಡಲಾಗದೆ ಒದ್ದಾಡುತ್ತಿರುವಾಗ ಬಾಲ್ಯದ ಮಾತೇಕೆ ಅನ್ನಿಸಿತು. "ಮೇಡಂ, ನಮಗೆ ಲೆಕ್ಕ ಸರಿ ಮಾಡಿಕೊಡಿ ಸಾಕು" ಅಂದೆ. ಅವರು ಬೇಸರಪಟ್ಟುಕೊಳ್ಳಲಿಲ್ಲ. "ಲೆಕ್ಕ ಸರಿ ಮಾಡೋದು ಒಂದು ವಾರದ ಕೆಲಸ. ಆರು ತಿಂಗಳಾದ ಮೇಲೆ ಅದು ಮತ್ತೆ ಇಲ್ಲಿಗೇ ಬಂದು ನಿಲ್ಲಬಾರದು ಅಂದರೆ ಇದನ್ನೂ ನೋಡಬೇಕು. ಹೋಗಲಿ, ಕಳೆದ ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್ ತಂದಿದ್ದೀರಾ?" ಅಂದರು.

ತಂದಿರಲಿಲ್ಲ. ತಂದಿರಲಿಲ್ಲ ಅನ್ನುವುದಕ್ಕಿಂತ, ತೆರೆದು ನೋಡಿಯೇ ಇರಲಿಲ್ಲ. ಪ್ರತಿ ತಿಂಗಳೂ ಬರುತ್ತಿದ್ದವು, ಹಾಗೇ ಬಿದ್ದಿರುತ್ತಿದ್ದವು. ಒಳ್ಳೆಯ ತಿಂಗಳಲ್ಲಿ ಮಾತ್ರ, ಯಾರೋ ದೊಡ್ಡ ಮೊತ್ತ ಹಾಕಿದ್ದಾರೆ ಅಂತ ಗೊತ್ತಾದಾಗ, ಖುಷಿಗೆ ಒಮ್ಮೆ ನೋಡುತ್ತಿದ್ದೆ. ಹೂಡಿಕೆದಾರರ ಈ ನಡವಳಿಕೆಯನ್ನೇ ಕಾರ್ಲ್‌ಸನ್, ಲೋವೆನ್‌ಸ್ಟೈನ್, ಸೆಪ್ಪಿ ಎಂಬ ಮೂವರು ಸಂಶೋಧಕರು 2009ರಲ್ಲಿ ಬರೆದಿದ್ದಾರೆ ಅಂತ ಆಮೇಲೆ ಓದಿ ತಿಳಿಯಿತು. ಮಾರುಕಟ್ಟೆ ಏರುತ್ತಿರುವಾಗ ಜನ ತಮ್ಮ ಖಾತೆಯನ್ನು ಮತ್ತೆಮತ್ತೆ ನೋಡುತ್ತಾರಂತೆ, ಇಳಿಯುತ್ತಿರುವಾಗ ಅತ್ತ ಹಾಯುವುದು ಕಡಿಮೆಯಂತೆ. ಮರಳಿನಲ್ಲಿ ತಲೆ ಹುದುಗಿಸುತ್ತದೆ ಅಂತ ಜನ ತಪ್ಪಾಗಿ ನಂಬಿರುವ ಉಷ್ಟ್ರಪಕ್ಷಿಯ ಹೆಸರನ್ನು ಆ ನಡವಳಿಕೆಗೆ ಇಟ್ಟಿದ್ದಾರೆ. ಓದಿದಾಗ ನನಗೆ ಒಂದು ರೀತಿಯ ಸಮಾಧಾನವೇ ಆಯಿತು. ಸೋಮಾರಿತನ ಅಂತ ನನ್ನನ್ನು ನಾನೇ ಬೈದುಕೊಳ್ಳುತ್ತಿದ್ದೆ. ಅದು ಸೋಮಾರಿತನವಲ್ಲ, ಭಯ.

ಮೇಡಂ ಇಬ್ಬರಿಗೂ ಒಂದೊಂದು ನೋಟ್‌ಬುಕ್ ಇಡಲು ಹೇಳಿದರು. ದುಡ್ಡು ಕೈ ಸೇರಿದಾಗ, ಕೈ ಬಿಟ್ಟಾಗ, ಅಥವಾ ದುಡ್ಡಿನ ಮಾತು ಬಂದಾಗ ಮೂರು ಸಂಗತಿ ಬರೆಯಬೇಕು: ಮೊತ್ತ ಎಷ್ಟು, ನಾನು ಏನು ಮಾಡಿದೆ, ಆ ಕ್ಷಣ ಒಳಗೆ ಏನಾಯಿತು. ಮೂರು ತಿಂಗಳು. "ಒಬ್ಬರದನ್ನು ಇನ್ನೊಬ್ಬರು ನೋಡಬೇಡಿ" ಅಂದರು. ಅಣ್ಣ ಆವತ್ತು ದಾರಿಯುದ್ದಕ್ಕೂ ಗೊಣಗಿದ. ಆದರೆ ಬರೆದ.

ನನ್ನ ಪುಸ್ತಕದ ಮೊದಲ ಪುಟಗಳನ್ನು ಈಗ ನೋಡಿದರೆ ಒಂದೇ ಮಾತು ಮತ್ತೆಮತ್ತೆ ಕಾಣುತ್ತದೆ: "ಗಂಟಲು ಒಣಗಿತು." ಬೆಲೆ ಹೇಳಬೇಕಾದಾಗ, ಉಳಿದ ಬಾಕಿ ಕೇಳಬೇಕಾದಾಗ, ಮುಂಗಡ ಬೇಕು ಅನ್ನಬೇಕಾದಾಗ. ಅದೇ, ಸಾಮಾನಿನವರಿಗೆ ದುಡ್ಡು ಕೊಟ್ಟಾಗ, "ಹಗುರ ಅನ್ನಿಸಿತು." ಮೂವತ್ತು ದಿನ ಸಮಯವಿದ್ದ ಬಿಲ್ಲನ್ನು ನಾನು ಮೂರನೇ ದಿನಕ್ಕೇ ಕೊಟ್ಟುಬಿಡುತ್ತಿದ್ದೆ, ಅದರಿಂದ ನಮಗೆ ಯಾವ ಅನುಕೂಲವೂ ಇಲ್ಲದಿದ್ದರೂ. ಕೊಡುವುದು ನನಗೆ ಮರ್ಯಾದೆ ಅನ್ನಿಸುತ್ತಿತ್ತು, ಕೇಳುವುದು ಮರ್ಯಾದೆಗೇಡು. ಇಡೀ ಉದ್ಯಮದ ಹಣದ ಹರಿವು ಈ ಒಂದು ಅನ್ನಿಸಿಕೆಯ ಮೇಲೆ ನಿಂತಿತ್ತು. ಹೊರಗೆ ಹೋಗಬೇಕಾದ ದುಡ್ಡು ಬೇಗ ಹೋಗುತ್ತಿತ್ತು, ಒಳಗೆ ಬರಬೇಕಾದದ್ದು ತನಗೆ ತೋಚಿದಾಗ ಬರುತ್ತಿತ್ತು. ನಡುವಿನ ಆ ಹಳ್ಳಕ್ಕೆ ನಾವು ಕೈಸಾಲ ತುಂಬುತ್ತಿದ್ದೆವು.

ಅಪ್ಪ ಒಬ್ಬ ಸ್ನೇಹಿತರಿಗೆ ಜಾಮೀನು ನಿಂತಿದ್ದರು. ಸ್ನೇಹಿತರು ಸಾಲ ತೀರಿಸಲಿಲ್ಲ. ಅಪ್ಪ ವರ್ಷಗಟ್ಟಲೆ ಅದನ್ನು ತಾವೇ ತೀರಿಸಿದರು, ಆ ಸ್ನೇಹಿತರು ಮನೆಗೆ ಬಂದಾಗಲೂ ಒಂದು ಮಾತು ಕೇಳಲಿಲ್ಲ. ನಾನು ಅಪ್ಪನ ಪಕ್ಕದಲ್ಲಿ ಕೂತು ಅದನ್ನು ನೋಡಿದವಳು. ದೊಡ್ಡ ಮನುಷ್ಯ ಅಂದರೆ ಹೀಗಿರಬೇಕು, ಕೊಟ್ಟು ಕೇಳದವನೇ ದೊಡ್ಡವನು ಅಂತ ನನ್ನ ಎದೆಯಲ್ಲಿ ಕೂತುಬಿಟ್ಟಿತು. ಅಣ್ಣ ನನಗಿಂತ ಆರು ವರ್ಷ ದೊಡ್ಡವನು. ಅವನು ನೋಡಿದ್ದು ಬೇರೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಅಮ್ಮ ಚಿಲ್ಲರೆ ಕಾಸನ್ನು ಸಾಲಾಗಿ ಜೋಡಿಸಿ ಎಣಿಸುತ್ತಿದ್ದುದು, ಎಣಿಸಿದ್ದನ್ನೇ ಮತ್ತೆ ಎಣಿಸುತ್ತಿದ್ದುದು. "ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ" ಅನ್ನುವ ಗಾದೆ ಅಣ್ಣನಿಗೆ ಬರೀ ಗಾದೆಯಲ್ಲ, ಅದು ಅವನ ಮನೆಯ ಇತಿಹಾಸ. ಒಂದೇ ಮನೆ, ಒಂದೇ ಸಾಲ. ಇಬ್ಬರು ಮಕ್ಕಳು ಅದರಿಂದ ತದ್ವಿರುದ್ಧ ಪಾಠ ಕಲಿತೆವು, ಆ ಎರಡು ಪಾಠಗಳನ್ನೂ ತಂದು ಒಂದೇ ಉದ್ಯಮದೊಳಗೆ ಸುರಿದೆವು.

ಬ್ರಾಡ್ ಕ್ಲಾಂಟ್ಜ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಅವರ ಜೊತೆಗಾರರು 2011ರಲ್ಲಿ ಪ್ರಕಟಿಸಿದ ಅಧ್ಯಯನದ ಬಗ್ಗೆ ಮೇಡಂ ಆಗ ಹೇಳಿದರು. ಹಣದ ಬಗ್ಗೆ ಚಿಕ್ಕಂದಿನಲ್ಲೇ ಮನಸ್ಸಿಗೆ ಇಳಿದ ನಂಬಿಕೆಗಳನ್ನು ಅವರು ಮನಿ ಸ್ಕ್ರಿಪ್ಟ್ ಅನ್ನುತ್ತಾರೆ. ಅದರಲ್ಲಿ ನಾಲ್ಕು ಬಗೆ: ಹಣದಿಂದ ದೂರ ಓಡುವುದು, ಹಣ ಬಂದರೆ ಎಲ್ಲ ಸರಿಹೋಗುತ್ತದೆ ಅಂತ ಅದನ್ನೇ ಆರಾಧಿಸುವುದು, ನನ್ನ ಬೆಲೆ ನನ್ನ ಹಣದಷ್ಟೇ ಅಂದುಕೊಳ್ಳುವುದು, ಹಣದ ವಿಷಯದಲ್ಲಿ ಸದಾ ಎಚ್ಚರವಾಗಿರುವುದು. ನಾನು ಮೊದಲನೆಯದು, ಅಣ್ಣ ನಾಲ್ಕನೆಯದು. ಅಣ್ಣನದು ಒಳ್ಳೆಯ ಗುಣವೇ ಅಲ್ಲವೇ ಅಂತ ಕೇಳಿದೆ. "ಎಚ್ಚರ ಒಳ್ಳೆಯದೇ. ನಿದ್ದೆಯೇ ಬಾರದಷ್ಟು ಎಚ್ಚರ ಆದರೆ ಅದೂ ಕಷ್ಟ" ಅಂದರು.

ಅಣ್ಣನ ನೋಟ್‌ಬುಕ್ಕನ್ನು ಮೂರು ತಿಂಗಳಾದ ಮೇಲೆ ಅವನೇ ನನ್ನ ಮುಂದಿಟ್ಟ. ಓದುತ್ತಾ ನನಗೆ ಅಳು ಬಂತು. "ಮರದ ದುಡ್ಡು ಕೊಟ್ಟೆ. ಹೊಟ್ಟೆ ಹಿಂಡಿದಂತಾಯಿತು." "ಹೊಸ ಬ್ಲೇಡ್ ಕೊಳ್ಳಲು ಹೋಗಿ ಕೊಳ್ಳದೆ ವಾಪಸ್ ಬಂದೆ." "ಖಾತೆಯಲ್ಲಿ ದುಡ್ಡಿದೆ. ಆದರೂ ಹೆದರಿಕೆ." ಇಷ್ಟು ವರ್ಷ ನಾನು ಅವನನ್ನು ಜಿಪುಣ ಅಂದುಕೊಂಡಿದ್ದೆ, ಒಂದೆರಡು ಸಲ ಬೇರೆಯವರ ಮುಂದೆ ಹಾಗೆ ಅಂದೂ ಇದ್ದೆ. ಅವನು ಪ್ರತಿ ಸಲ ದುಡ್ಡು ಕೊಡುವಾಗಲೂ ಅಮ್ಮನ ಪಕ್ಕ ಕೂತು ಆ ಕಾಸು ಎಣಿಸುತ್ತಿದ್ದ ಹುಡುಗನೇ ಆಗುತ್ತಿದ್ದ.

ಅವನ ಹೆದರಿಕೆಗೂ ಒಂದು ಲೆಕ್ಕವಿತ್ತು. ಪ್ಲೈವುಡ್ ಕೊಡುವವರು, ಹತ್ತು ದಿನದೊಳಗೆ ಕೊಟ್ಟರೆ ನೂರಕ್ಕೆ ಎರಡು ಕಡಿತ, ಇಲ್ಲದಿದ್ದರೆ ಮೂವತ್ತು ದಿನದೊಳಗೆ ಪೂರ್ತಿ ಅನ್ನುತ್ತಿದ್ದರು. ಖಾತೆಯಲ್ಲಿ ದುಡ್ಡಿದ್ದರೂ ಅಣ್ಣ ಮೂವತ್ತನೇ ದಿನದವರೆಗೆ ಕಾಯುತ್ತಿದ್ದ. ಎರಡು ಪರ್ಸೆಂಟ್ ಏನು ಮಹಾ, ದುಡ್ಡು ನಮ್ಮ ಹತ್ತಿರ ಇರಲಿ ಎಂಬ ಭಾವ. ಮೇಡಂ ಕ್ಯಾಲ್ಕುಲೇಟರ್ ತೆಗೆದು ತೋರಿಸಿದರು: ತೊಂಬತ್ತೆಂಟನ್ನು ಇಪ್ಪತ್ತು ದಿನ ಹಿಡಿದಿಟ್ಟುಕೊಳ್ಳುವುದಕ್ಕೆ ಎರಡು ಕೊಡುತ್ತಿದ್ದೀರಿ, ವರ್ಷದ ಲೆಕ್ಕಕ್ಕೆ ತಂದರೆ ಅದು ಶೇಕಡಾ 37ರ ಬಡ್ಡಿ. ಸಾಲ ಅಂದರೆ ಬೆಚ್ಚಿಬೀಳುವ ನನ್ನ ಅಣ್ಣ, ಬ್ಯಾಂಕಿನ ಸಾಲಕ್ಕಿಂತ ಎಷ್ಟೋ ದುಬಾರಿಯಾದ ಸಾಲವನ್ನು ಪ್ರತಿ ತಿಂಗಳೂ ಮಾಡುತ್ತಿದ್ದ. ಅದರ ಮೇಲೆ ಸಾಲ ಅನ್ನುವ ಹೆಸರು ಬರೆದಿರಲಿಲ್ಲ, ಅಷ್ಟೆ. ಅದೇ ಹೊತ್ತಿಗೆ ನಾನು, ಕಡಿತವೇ ಕೊಡದ ಇನ್ನೊಬ್ಬರಿಗೆ ಮೂರನೇ ದಿನಕ್ಕೆ ದುಡ್ಡು ಕೊಟ್ಟು ಹಗುರಾಗುತ್ತಿದ್ದೆ.

ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವೆರ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರು 1979ರಲ್ಲಿ ಮಂಡಿಸಿದ ಸಿದ್ಧಾಂತ ಹೇಳುವುದು ಇದನ್ನೇ. ಅಷ್ಟೇ ಮೊತ್ತ ಕೈಗೆ ಬಂದಾಗ ಆಗುವ ಖುಷಿಗಿಂತ, ಅದು ಕೈಬಿಟ್ಟಾಗ ಆಗುವ ನೋವೇ ದೊಡ್ಡದು. ಮುಂದೆ 1992ರಲ್ಲಿ ಅವರು ಅಂದಾಜು ಮಾಡಿದಂತೆ ಅದು ಎರಡು ಪಟ್ಟಿಗಿಂತ ತುಸು ಹೆಚ್ಚು. ಅಣ್ಣನಿಗೆ ಹತ್ತನೇ ದಿನ ದುಡ್ಡು ಕೊಡುವ ನೋವು ಎದ್ದು ಕಾಣುತ್ತಿತ್ತು. ಉಳಿಯುವ ಎರಡು ಪರ್ಸೆಂಟ್ ಕಾಣುತ್ತಿರಲಿಲ್ಲ.

ರಿಯಾಯಿತಿಯ ಲೆಕ್ಕ ನನ್ನ ಸರದಿ. ಬಿಲ್ಲಿನ ಹಿಂಭಾಗದಲ್ಲಿ ಮೇಡಂ ಬರೆದು ತೋರಿಸಿದ್ದು ಇಷ್ಟು. ಮಾರುವ ಬೆಲೆ ನೂರು, ಅದಕ್ಕೆ ತಗಲುವ ವೆಚ್ಚ ಎಂಬತ್ತು, ಲಾಭ ಇಪ್ಪತ್ತು. ಹತ್ತು ಪರ್ಸೆಂಟ್ ಬಿಟ್ಟುಕೊಟ್ಟರೆ ಬೆಲೆ ತೊಂಬತ್ತು, ವೆಚ್ಚ ಅದೇ ಎಂಬತ್ತು, ಲಾಭ ಹತ್ತು. ಬಿಟ್ಟದ್ದು ಬೆಲೆಯ ಹತ್ತನೇ ಒಂದು ಭಾಗ, ಹೋದದ್ದು ಲಾಭದ ಅರ್ಧ. ಮೊದಲಿನಷ್ಟೇ ಲಾಭ ಬೇಕೆಂದರೆ ಒಂದು ಕಪಾಟಿನ ಬದಲು ಎರಡು ಮಾಡಬೇಕು. "ನಿಮ್ಮ ಕೆಲಸಗಾರರು ಕತ್ತಲಾಗುವವರೆಗೆ ಯಾಕೆ ದುಡಿಯುತ್ತಿದ್ದಾರೆ ಗೊತ್ತಾಯಿತಾ?" ಅಂದರು. ನನ್ನ ಸಂಕೋಚದ ಬೆಲೆಯನ್ನು ತೆರುತ್ತಿದ್ದದ್ದು ನಾನೊಬ್ಬಳೇ ಅಂತ ನಾನು ನಂಬಿದ್ದೆ. ಆ ಹಿರಿಯರ ಮೊಣಕೈ ನೋವು ನೆನಪಾಯಿತು. ಈ ಇಡೀ ಪ್ರಯಾಣದಲ್ಲಿ ನನ್ನನ್ನು ನಿಜವಾಗಿ ತಿರುಗಿಸಿದ್ದು ಆ ಒಂದು ಮಾತು.

ಇನ್ನು ಬಾಕಿ ವಸೂಲಿಯ ಕಥೆ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ನನ್ನಂಥವರು ತುಂಬ ಜನ ಇದ್ದಾರೆ, ಅವರು ಇಲ್ಲೇ ಎಡವುತ್ತಾರೆ ಅನ್ನುವುದು ಈಗ ನನಗೆ ಗೊತ್ತು.

ಬಾಕಿ ಇರುವ ಬಿಲ್ಲುಗಳನ್ನೆಲ್ಲ ಹಳತನದ ಪ್ರಕಾರ ನಾಲ್ಕು ಗುಡ್ಡೆ ಮಾಡಿದೆವು: ಮೂವತ್ತು ದಿನದೊಳಗಿನವು, ಅರವತ್ತರೊಳಗಿನವು, ತೊಂಬತ್ತರೊಳಗಿನವು, ಅದಕ್ಕೂ ಹಳೆಯವು. ಒಟ್ಟು ಇಪ್ಪತ್ತೇಳು ಇದ್ದವು. ಎಲ್ಲ ಸೇರಿಸಿದರೆ ಸುಮಾರು ಮೂರು ತಿಂಗಳ ಸಂಬಳದಷ್ಟು. ಹಳೆಯ ಗುಡ್ಡೆಯೇ ಎಲ್ಲಕ್ಕಿಂತ ದೊಡ್ಡದಾಗಿತ್ತು. ಒಂದೊಂದನ್ನೇ ತೆಗೆದು ನೋಡುತ್ತಾ ಹೋದಾಗ, ಇಪ್ಪತ್ತೇಳರಲ್ಲಿ ಒಂಬತ್ತು ಜನಕ್ಕೆ ನಾನು ಕೊನೆಯ ಬಿಲ್ಲನ್ನು ಕಳಿಸಿಯೇ ಇರಲಿಲ್ಲ ಅನ್ನುವುದು ಗೊತ್ತಾಯಿತು. ಕೆಲಸ ಮುಗಿದಿತ್ತು, ಸಾಮಾನು ತಲುಪಿತ್ತು. ನಡುವೆ ಅವರು ಕೇಳಿದ ಸಣ್ಣ ಬದಲಾವಣೆಗಳಿಗೆ, ಒಂದು ಹೆಚ್ಚುವರಿ ಹಲಗೆಗೆ, ಬದಲಿಸಿದ ಹಿಡಿಕೆಗೆ ಎಷ್ಟು ಹಾಕಬೇಕು ಅಂತ ತೋಚದೆ, ಹಾಕಿದರೆ ಏನಂದುಕೊಳ್ಳುತ್ತಾರೋ ಅಂತ ಅಂಜಿ, "ನಾಳೆ ಮಾಡಿದರಾಯಿತು" ಅಂತ ಬಿಟ್ಟಿದ್ದೆ. ಅವರು ಕೊಡುತ್ತಿಲ್ಲ ಅಂತ ಒಳಗೊಳಗೇ ಬೇಸರಿಸಿಕೊಳ್ಳುತ್ತಿದ್ದೆನಲ್ಲ, ಅವರಿಗೆ ಎಷ್ಟು ಕೊಡಬೇಕು ಅಂತಲೇ ಗೊತ್ತಿರಲಿಲ್ಲ.

ಆ ಒಂಬತ್ತು ಬಿಲ್ಲನ್ನು ಒಂದೇ ದಿನ ಬರೆದು ಕಳಿಸಿದೆ. ಹತ್ತು ದಿನದೊಳಗೆ ಏಳು ಜನ ಕೊಟ್ಟರು. ಅವರಲ್ಲಿ ಒಬ್ಬರು, "ನೀವೇ ಕಳಿಸಲಿಲ್ಲ, ನಾನೇ ಎಷ್ಟು ಸಲ ಕೇಳಲಿ ಅಂತ ಸುಮ್ಮನಿದ್ದೆ" ಅಂದರು. ಅವರಿಗೂ ಅಷ್ಟು ದಿನ ಅದೊಂದು ಋಣದ ಹಾಗೆ ತಲೆಯ ಮೇಲಿತ್ತಂತೆ. ಕೇಳದೆ ಇರುವುದು ದೊಡ್ಡಸ್ತಿಕೆ ಅಂದುಕೊಂಡು ನಾನು ಅವರನ್ನು ಮುಜುಗರದಲ್ಲಿ ಇಟ್ಟಿದ್ದೆ.

ಉಳಿದವರಿಗೆ ಫೋನ್ ಮಾಡಬೇಕಿತ್ತು. ಮೊದಲ ಫೋನಿಗೆ ಮುಂಚೆ ಮಾತನ್ನು ಕಾಗದದ ಮೇಲೆ ಬರೆದುಕೊಂಡೆ. ನನ್ನ ಹಳೆಯ ಮಾತು ಹೇಗಿರುತ್ತಿತ್ತು ಅಂದರೆ: "ಸುಮ್ಮನೆ ಫೋನ್ ಮಾಡಿದೆ, ಹೇಗಿದ್ದೀರಿ? ಆ ಬಾಕಿದು... ತೊಂದರೆ ಏನಿಲ್ಲ, ಅನುಕೂಲ ಆದಾಗ ಕೊಡಿ." ಇದರಲ್ಲಿ ಕೇಳುವವರಿಗೆ ಕಿವಿಗೆ ಬೀಳುವುದು "ಅನುಕೂಲ ಆದಾಗ" ಅನ್ನುವುದೊಂದೇ. ಹೊಸ ಮಾತು: "ಮೇಜಿನ ಕೆಲಸದ ಬಿಲ್ಲಿನಲ್ಲಿ ಇಷ್ಟು ಬಾಕಿ ಇದೆ. ಈ ತಿಂಗಳ ಹದಿನೈದರೊಳಗೆ ಕಳಿಸಿಕೊಡ್ತೀರಾ?" ಕೆಲಸ ಯಾವುದು, ಮೊತ್ತ ಎಷ್ಟು, ಯಾವ ದಿನದೊಳಗೆ. ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಅವರ ಉತ್ತರಕ್ಕೆ ಕಾಯುವುದು. ಈ ಕೊನೆಯದೇ ಎಲ್ಲಕ್ಕಿಂತ ಕಷ್ಟ. ಮೊದಲ ಫೋನಿನಲ್ಲಿ ನಾನು ಮೇಜಿನ ಅಂಚನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದೆನೆಂದರೆ ಬೆರಳು ಬಿಳುಚಿಕೊಂಡಿದ್ದವು. ಆ ಕಡೆಯಿಂದ "ಹ್ಞಾಂ, ನಾಳೆಯೇ ಹಾಕ್ತೀನಿ" ಅಂದರು. ಮರುದಿನ ಹಾಕಿದರು.

ಎಲ್ಲವೂ ಹೀಗೇ ಆಗಲಿಲ್ಲ. ಇಬ್ಬರು ಕೆಲಸದಲ್ಲಿ ಕೊರತೆ ತೆಗೆದರು. ಒಬ್ಬರ ಮಾತಿನಲ್ಲಿ ನಿಜವಿತ್ತು, ಸರಿಮಾಡಿಕೊಟ್ಟು ದುಡ್ಡು ತೆಗೆದುಕೊಂಡೆವು. ಇನ್ನೊಬ್ಬರದು ಬರೀ ನೆಪ. ನಾಲ್ಕು ಜನ ಕಂತಿನಲ್ಲಿ ಕೊಟ್ಟರು. ಒಬ್ಬರು, ತುಂಬ ವರ್ಷದ ಪರಿಚಯದವರು, "ದುಡ್ಡಿನ ವಿಷಯ ಬಂದಾಗ ನೀವೂ ಎಲ್ಲರ ಹಾಗೇನಾ?" ಅಂದುಬಿಟ್ಟರು. ಫೋನ್ ಇಟ್ಟ ಮೇಲೆ ನನಗೆ ಆ ದಿನ ಬೇರೆ ಕೆಲಸವೇ ಮಾಡಲಾಗಲಿಲ್ಲ. ನಾನು ಎಂಟು ವರ್ಷ ಯಾವ ಮಾತನ್ನು ಕೇಳಬಾರದು ಅಂತ ರಿಯಾಯಿತಿ ಕೊಟ್ಟುಕೊಂಡು, ಬಿಲ್ಲು ಕಳಿಸದೆ, ಸಾಲ ಮಾಡಿಕೊಂಡು ಬಂದಿದ್ದೆನೋ, ಆ ಮಾತು ಕೊನೆಗೂ ಬಂದಿತ್ತು. ನೋವಾಯಿತು. ಮರುದಿನ ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋದೆ. ಆ ಮಾತಿಗಿಂತ ಅದರ ಹೆದರಿಕೆಯೇ ನಮಗೆ ಹೆಚ್ಚು ನಷ್ಟ ಮಾಡಿತ್ತು ಅನ್ನುವುದು ಹೊಳೆದದ್ದು ಅಲ್ಲೇ, ಗರಗಸದ ಸದ್ದಿನ ನಡುವೆ.

ಇಲ್ಲಿ ಒಂದು ಮಾತು ಹೇಳಲೇಬೇಕು. "ಮನಸ್ಸು ಬದಲಾಯಿಸಿಕೊಳ್ಳಿ, ಹಣ ತಾನಾಗಿ ಬರುತ್ತದೆ" ಅಂತ ಹೇಳುವವರಿದ್ದಾರೆ. ಅದನ್ನು ನಾನು ಒಪ್ಪುವುದಿಲ್ಲ, ಅದು ಸಣ್ಣ ಉದ್ಯಮದವರಿಗೆ ಮಾಡುವ ಅನ್ಯಾಯ ಅಂತ ನನ್ನ ಭಾವನೆ. ದೊಡ್ಡ ಸಂಸ್ಥೆಯೊಂದು ಸಣ್ಣವರ ದುಡ್ಡನ್ನು ತೊಂಬತ್ತು ದಿನ ತಡೆಹಿಡಿದರೆ ಅದು ಆ ಸಣ್ಣವರ ಮನೋಭಾವದ ದೋಷವಲ್ಲ, ಅದು ಬಲದ ವಿಷಯ. ಮರದ ಬೆಲೆ ಏರಿದರೆ ಅದೂ ನಮ್ಮ ಬಾಲ್ಯದಿಂದ ಬಂದದ್ದಲ್ಲ. ಇನ್ನೊಂದು, ಇಲ್ಲದಿರುವಿಕೆಯೇ ಮನಸ್ಸನ್ನು ಬದಲಿಸುತ್ತದೆ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ತಮಿಳುನಾಡಿನ ಕಬ್ಬು ಬೆಳೆಗಾರರನ್ನು ಕಟಾವಿಗೆ ಮೊದಲು, ಕೈ ಖಾಲಿಯಿದ್ದಾಗ ಒಮ್ಮೆ, ಕಟಾವಿನ ನಂತರ ದುಡ್ಡು ಬಂದ ಮೇಲೆ ಇನ್ನೊಮ್ಮೆ ಪರೀಕ್ಷಿಸಿದ್ದರು. ಅವರೇ ಜನ, ಅವರದೇ ಬುದ್ಧಿ. ಆದರೂ ಕಟಾವಿಗೆ ಮೊದಲಿನ ಪರೀಕ್ಷೆಯಲ್ಲಿ ಅವರ ಸಾಧನೆ ಕೆಳಗಿತ್ತು. ಅದನ್ನು ಓದಿದಾಗ ಸಂಬಳ ತಡವಾದ ಆ ತಿಂಗಳು ನೆನಪಾಯಿತು. ಆ ತಿಂಗಳು ನಾನು ಒಂದು ಪುಸ್ತಕದ ಕಪಾಟಿನ ಎತ್ತರವನ್ನು ತಪ್ಪು ಬರೆದುಕೊಂಡಿದ್ದೆ, ಇಡೀ ಕಪಾಟನ್ನು ಮತ್ತೆ ಮಾಡಬೇಕಾಯಿತು. ಹತ್ತು ದಿನ ತಡೆದಿದ್ದರೆ ಒಳ್ಳೆಯ ಬೆಲೆಗೆ ಸಿಗುತ್ತಿದ್ದ ಕೆಲಸದ ಬದಲು, ಮುಂಗಡ ಸಿಗುತ್ತದೆ ಅನ್ನುವ ಒಂದೇ ಕಾರಣಕ್ಕೆ ನಷ್ಟದ ಕೆಲಸ ಒಪ್ಪಿಕೊಂಡಿದ್ದೆ. ಹಣದ ಬಗ್ಗೆ ನಮ್ಮ ನಂಬಿಕೆ ಕೊರತೆಯನ್ನು ಹುಟ್ಟಿಸುತ್ತದೆ ನಿಜ. ಕೊರತೆಯೂ ಹಿಂತಿರುಗಿ ಬಂದು ತಲೆಯನ್ನು ಹಿಂಡುತ್ತದೆ. ಅದಕ್ಕೇ ಮೇಡಂ ಮೊದಲು ಬಾಕಿ ವಸೂಲಿ ಮಾಡಿಸಿದರು, ಉಳಿದದ್ದನ್ನೆಲ್ಲ ಖಾತೆಯಲ್ಲಿ ಒಂದು ತಿಂಗಳ ಸಂಬಳ ಕೂತ ಮೇಲೆ ಮಾತಾಡಿದರು.

ಮುಂದಿನದು ಖಾತೆ ಬೇರೆ ಮಾಡುವುದು. ಮನೆಗೂ ಉದ್ಯಮಕ್ಕೂ ನಮಗೆ ಇದ್ದದ್ದು ಒಂದೇ ಖಾತೆ. ದುಡ್ಡಿದ್ದಾಗ ತೆಗೆಯುತ್ತಿದ್ದೆವು, ಇಲ್ಲದಾಗ ತೆಗೆಯುತ್ತಿರಲಿಲ್ಲ. ಲೂಕಾ ಪಾಚೋಲಿ ಎಂಬ ಸನ್ಯಾಸಿ ವೆನಿಸ್‌ನಲ್ಲಿ 1494ರಲ್ಲಿ ಮುದ್ರಣವಾದ ತನ್ನ ಗಣಿತದ ಗ್ರಂಥದಲ್ಲಿ ಪ್ರತಿ ವ್ಯವಹಾರವನ್ನೂ ಲೆಕ್ಕದಲ್ಲಿ ಎರಡು ಕಡೆ ಬರೆಯುವ ಜೋಡಿ ನಮೂದು ಪದ್ಧತಿಯನ್ನು ವಿವರಿಸಿದಾಗ, ವ್ಯಾಪಾರಿ ಮೊದಲು ತನ್ನಲ್ಲಿ ಇರುವುದನ್ನೆಲ್ಲ ಪಟ್ಟಿ ಮಾಡಬೇಕು ಅಂದಿದ್ದ. ಮನೆಯ ಖರ್ಚಿಗೆ ಬೇರೆಯದೇ ಲೆಕ್ಕ ಇಡಬೇಕು ಅಂತಲೂ ಹೇಳಿದ್ದ. ಐನೂರು ವರ್ಷ ಹಳೆಯ ಮಾತು ಅದು. ಅದನ್ನು ಮಾಡಲು ನಮಗೆ ಬೇಕಾದದ್ದು ಬ್ಯಾಂಕಿನಲ್ಲಿ ಅರ್ಧ ಗಂಟೆ.

ಅರ್ಧ ಗಂಟೆಯಲ್ಲಿ ಮುಗಿಯದೇ ಇದ್ದದ್ದು ನಮ್ಮ ಸಂಬಳ. ಎಂಟು ವರ್ಷದಲ್ಲಿ ನಾನು ಒಂದು ತಿಂಗಳೂ ನನಗೆ ಅಂತ ಗೊತ್ತಾದ ಸಂಬಳ ತೆಗೆದುಕೊಂಡಿರಲಿಲ್ಲ. ಎಲ್ಲರಿಗೂ ಕೊಟ್ಟು ಉಳಿದರೆ ನಮಗೆ. ಇದನ್ನು ನಾನು ತ್ಯಾಗ ಅಂದುಕೊಂಡಿದ್ದೆ. ಮೇಡಂ ಕೇಳಿದರು: "ನಾಳೆ ನಿಮಗೆ ಹುಷಾರು ತಪ್ಪಿದರೆ ನಿಮ್ಮ ಜಾಗಕ್ಕೆ ಒಬ್ಬರನ್ನು ಇಟ್ಟುಕೊಳ್ಳಬೇಕು. ಅವರಿಗೆ ಎಷ್ಟು ಕೊಡ್ತೀರಿ?" ಒಂದು ಮೊತ್ತ ಹೇಳಿದೆ. "ಅದನ್ನು ವೆಚ್ಚದಲ್ಲಿ ಸೇರಿಸಿ ಈಗ ಪ್ರತಿ ಸಾಮಾನಿನ ಲೆಕ್ಕ ಮತ್ತೆ ಹಾಕಿ."

ನನ್ನ ಮತ್ತು ಅಣ್ಣನ ದುಡಿಮೆಯನ್ನು ವೆಚ್ಚಕ್ಕೆ ಸೇರಿಸಿದ ಕೂಡಲೇ ನಾವು ಲಾಭದವು ಅಂದುಕೊಂಡಿದ್ದ ಮೂರು ಬಗೆಯ ಕೆಲಸ ನಷ್ಟಕ್ಕೆ ಇಳಿದವು. ಎಲ್ಲಕ್ಕಿಂತ ಹೆಚ್ಚು ಮಾರಾಟವಾಗುತ್ತಿದ್ದ ಸಣ್ಣ ಮೇಜು ಅವುಗಳಲ್ಲೊಂದು. ಜನ ಅದನ್ನು ಹೊಗಳುತ್ತಿದ್ದರು, ಅದಕ್ಕಾಗಿಯೇ ಬರುತ್ತಿದ್ದರು. ಪ್ರತಿ ಮೇಜಿನ ಜೊತೆ ನಾನು ನನ್ನ ಅರ್ಧ ದಿನವನ್ನು ಬಿಟ್ಟಿಯಾಗಿ ಕೊಟ್ಟು ಕಳಿಸುತ್ತಿದ್ದೆ.

ಆ ಮೇಜಿನ ಬೆಲೆಯನ್ನು ನೂರಕ್ಕೆ ಹದಿನೆಂಟರಷ್ಟು ಏರಿಸಿದೆವು. ಏರಿಸುವ ಮುಂಚೆ ಅಣ್ಣನೂ ನಾನೂ ಜಗಳವಾಡಿದೆವು, ವಿಚಿತ್ರವೆಂದರೆ ಇಬ್ಬರೂ ಏರಿಸುವುದು ಬೇಡ ಅನ್ನುವ ಕಡೆಯೇ ಇದ್ದೆವು, ಕಾರಣ ಮಾತ್ರ ಬೇರೆ. ಜನ ದುರಾಸೆ ಅಂದಾರು ಅಂತ ನನಗೆ, ಗಿರಾಕಿ ಕೈತಪ್ಪಿದರೆ ಏನು ಗತಿ ಅಂತ ಅವನಿಗೆ. ಗಿರಾಕಿಗಳು ಕಡಿಮೆಯಾದದ್ದು ನಿಜ. ಮೊದಲ ಮೂರು ತಿಂಗಳಲ್ಲಿ ಐದು ಮೇಜಿಗೆ ಒಂದು ಕಡಿಮೆ ಹೋಯಿತು. ಆದರೆ ಉಳಿದ ನಾಲ್ಕರಲ್ಲಿ ದುಡ್ಡು ನಿಂತಿತು. ಸಂಜೆ ಆರಕ್ಕೆ ಯಂತ್ರಗಳು ನಿಲ್ಲತೊಡಗಿದವು.

ಅಣ್ಣನ ಬಗ್ಗೆ ಹೇಳುವುದು ಇನ್ನೂ ಇದೆ. ಹಳೆಯ ರಂದ ಹೊಡೆಯುವ ಯಂತ್ರವನ್ನು ಬದಲಿಸಲು ಅವನು ಒಪ್ಪುತ್ತಿರಲಿಲ್ಲ. ಇಷ್ಟು ರಿಪೇರಿಗೆ ಹಾಕಿದ್ದೀವಿ, ಈಗ ಹೇಗೆ ಬಿಡುವುದು ಅನ್ನುತ್ತಿದ್ದ. ಅದರ ರಿಪೇರಿಯ ಚೀಟಿಗಳನ್ನೆಲ್ಲ ಒಂದು ಸಂಜೆ ಅವನೇ ಕೂಡಿಸಿದ. ಏನೂ ಮಾತಾಡಲಿಲ್ಲ. ಮರುವಾರ ಹೊಸ ಯಂತ್ರದ ದರಪಟ್ಟಿ ತಂದು ನನ್ನ ಮೇಜಿನ ಮೇಲಿಟ್ಟ. ಅರ್ಧ ನಮ್ಮ ದುಡ್ಡು, ಅರ್ಧ ಬ್ಯಾಂಕಿನ ಸಾಲ. ಸಾಲದ ಕಾಗದಕ್ಕೆ ಸಹಿ ಹಾಕುವಾಗ ಅವನ ಕೈ ನಡುಗುತ್ತಿತ್ತು. ಸುಮ್ಮನೆ ಪಕ್ಕದಲ್ಲಿ ಕೂತಿದ್ದೆ. ಹೊರಗೆ ಬಂದ ಮೇಲೆ, "ಅಮ್ಮ ಇದ್ದಿದ್ದರೆ ಬೈತಿದ್ದಳು" ಅಂದ. "ಬೈತಿರಲಿಲ್ಲ ಅಣ್ಣ, ಕಂತು ಎಷ್ಟು ಅಂತ ಕೇಳ್ತಿದ್ದಳು" ಅಂದೆ. ಅವನು ತುಸು ನಕ್ಕ.

ಈಗ ತಿಂಗಳ ಮೊದಲ ಸೋಮವಾರ ಇಬ್ಬರೂ ಸ್ಟೇಟ್‌ಮೆಂಟ್ ತೆರೆದುಕೊಂಡು ಒಟ್ಟಿಗೆ ಕೂರುತ್ತೇವೆ. ಆ ದಿನ ಬೆಳಿಗ್ಗೆ ನನಗೆ ಈಗಲೂ ಎದೆ ಡವಡವ ಅನ್ನುತ್ತದೆ. ಅವನಿಗೆ, ಎಲ್ಲ ಸರಿಯಿದ್ದರೂ, ಇನ್ನೊಮ್ಮೆ ಕೂಡಿಸಿ ನೋಡಬೇಕು. ಕೂಡಿಸಲಿ. ಬೆಲೆ ಹೇಳುವ ಮುಂಚೆ ನಾನು ಅದನ್ನು ಕಾಗದದಲ್ಲಿ ಬರೆದು ಗಿರಾಕಿಯ ಮುಂದಿಟ್ಟು, ಆಮೇಲೆ ಓದುತ್ತೇನೆ. ಬರೆದ ಅಂಕಿಯನ್ನು ಬಾಯಿ ಅಷ್ಟು ಸುಲಭಕ್ಕೆ ಬದಲಿಸುವುದಿಲ್ಲ. ಅರ್ಧ ಮುಂಗಡ ಬರದೆ ಮರ ಕತ್ತರಿಸುವುದಿಲ್ಲ.

ಆ ಇಪ್ಪತ್ತೇಳು ಬಿಲ್ಲುಗಳಲ್ಲಿ ಒಂದು ಇನ್ನೂ ಫೈಲಿನಲ್ಲಿದೆ. ಅದು, ಅಪ್ಪ ಜಾಮೀನು ನಿಂತಿದ್ದರಲ್ಲ, ಆ ಸ್ನೇಹಿತರ ಮಗನದು. ಮೊತ್ತ ದೊಡ್ಡದೇನಲ್ಲ. ಅಣ್ಣ ಅದನ್ನು ನೋಡಿದಾಗಲೆಲ್ಲ ಮುಖ ಆ ಕಡೆ ತಿರುಗಿಸುತ್ತಾನೆ, ನಾನು ಮಾಡ್ತೀನಿ ಅಂತ ಅವನೂ ಹೇಳುವುದಿಲ್ಲ. ಫೋನಿನಲ್ಲಿ ಹೇಳಬೇಕಾದ ಮಾತನ್ನು ಬರೆದಿಟ್ಟಿದ್ದೇನೆ, ಕೆಲಸ, ಮೊತ್ತ, ದಿನ. ದಿನದ ಜಾಗ ಮಾತ್ರ ಇನ್ನೂ ಖಾಲಿ ಇದೆ.